ಕೇಳದೆ ಸೇರಿಸಿದ ಹೆಸರುಗಳು

ಹೋದ ತಿಂಗಳು ಕೊಟ್ಟೂರಿನ ನಮ್ಮ ಹಳೆಯ ಪ್ರೆಸ್ಸಿಗೆ ಹೋಗಿದ್ದೆ. ನಾನು ಕೂರುತ್ತಿದ್ದ ಮೇಜಿನಲ್ಲಿ ಈಗ ಸುಧಾ ಕೂರುತ್ತಾಳೆ. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. "ಮೇಡಂ, ಲಿಸ್ಟ್ ಲಗೂನ ದೊಡ್ಡದು ಮಾಡೋದು ಹೆಂಗ್ರಿ?" ಎಂದು ಕೇಳಿದಳು. "ಲಗೂನ ಮಾಡಬ್ಯಾಡ" ಎಂದಷ್ಟೇ ಹೇಳಿ, ಅವಳು ತರಿಸಿದ ಚಹಾ ಕುಡಿದು ಎದ್ದು ಬಂದೆ. ಮನೆ ಮುಟ್ಟುವ ಹೊತ್ತಿಗೆ ಅದು ಉತ್ತರವಲ್ಲ ಅನ್ನಿಸಿತು. ಒಂದು ಸಲ ನಾನೂ ಗಿರಾಕಿಗಳ ಪಟ್ಟಿಯನ್ನು ಅವಸರದಲ್ಲಿ, ಒಂದೇ ಮಧ್ಯಾಹ್ನದಲ್ಲಿ ದೊಡ್ಡದು ಮಾಡಿದ್ದೆ. ಅದರಿಂದ ಏನಾಯಿತು ಎಂಬುದನ್ನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಥೆ ಸ್ವಲ್ಪ ಸ್ವಲ್ಪವೇ ನನ್ನ ಕಡೆ ವಾಲಿದೆ. ಆದ್ದರಿಂದ ಈ ಸಲ ಆ ಕಾಲದ ದಿನಚರಿಯನ್ನು ಪಕ್ಕಕ್ಕಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪಿಗೂ ದಿನಚರಿಗೂ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಹೇಳುತ್ತೇನೆ.

ಕೆಲಸ ಎಂಥದೆಂದು ಮೊದಲು ಹೇಳಿಬಿಡಬೇಕು. ಅಂಗಡಿ, ಗಿರಣಿ, ನರ್ಸರಿಗಳ ಪರವಾಗಿ ಅವರ ಗಿರಾಕಿಗಳಿಗೆ ಹದಿನೈದು ದಿನಕ್ಕೊಮ್ಮೆ ಒಂದು ಸಣ್ಣ ಪತ್ರಿಕೆ ಬರೆದು ಈಮೇಲಿನಲ್ಲಿ ಕಳಿಸುವುದು. ಬಂದ ಮಾಲು, ಇರುವ ದರ, ಜೊತೆಗೆ ಓದಿದವರಿಗೆ ಪ್ರಯೋಜನವಾಗುವ ಎರಡು ಮಾತು. ಪತ್ರಿಕೆ ಬೇಕೆಂದು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಹೋಗಬೇಕು, ಬೇಡವೆಂದ ದಿನ ನಿಲ್ಲಬೇಕು. ಇಡೀ ಕೆಲಸ ನಿಂತಿದ್ದು ಇದರ ಮೇಲೆ.

ಈ ಷರತ್ತನ್ನು ನಮಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಪ್ರೆಸ್ಸಿನ ಯಜಮಾನರಾದ ಮರುಳಸಿದ್ದಪ್ಪನವರು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಅವರಲ್ಲಿ ಪ್ರೂಫ್ ನೋಡಲು ಸೇರಿದಾಗ ಅಲ್ಲಿ ಆಗುತ್ತಿದ್ದುದು ಲಗ್ನಪತ್ರಿಕೆ, ಕ್ಯಾಲೆಂಡರು, ಹ್ಯಾಂಡ್‌ಬಿಲ್ಲು. ಒಂದು ದಿನ ಅವರು ಹೊರಗಿನಿಂದ ಬಂದವರೇ ಕೆಸರಾದ ಒಂದು ಹಸಿರು ಹ್ಯಾಂಡ್‌ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟರು. "ನಾ ಅಚ್ಚು ಹಾಕಿದ್ದು ಬಸ್ ಸ್ಟ್ಯಾಂಡ್ ಗಟಾರದಾಗ ತೇಲಾಕ ಹತ್ತೈತಿ, ಅನಸೂಯಾ. ಬೇಕಂದೋರ ಕೈಯಾಗ ಅಷ್ಟ ಕೊಟ್ಟಿದ್ರ ಇಷ್ಟು ಕಾಗದ ಯಾಕ ಬೇಕಿತ್ತು?" ಈಮೇಲ್ ಪತ್ರಿಕೆಯ ಕೆಲಸ ಶುರುವಾದಾಗ ಅವರು ಪ್ರತಿ ಅಂಗಡಿಯ ಗಲ್ಲಾದ ಪಕ್ಕ ಒಂದು ಉದ್ದನೆಯ ನೋಟ್‌ಬುಕ್ ಇಡಿಸಿದರು. ಅದಕ್ಕೆ ಒಪ್ಪಿಗೆ ಪುಸ್ತಕ ಎಂದು ಹೆಸರು. ಬಂದವರು ತಮ್ಮ ಕೈಯಾರೆ ಹೆಸರು, ಊರು, ಮೇಲ್ ವಿಳಾಸ ಬರೆದು ಸಹಿ ಮಾಡಬೇಕು. ಫೋನ್ ನಂಬರಿಗೂ ಒಂದು ಅಂಕಣ ಗೆರೆ ಎಳೆದಿದ್ದೆ. ಅದನ್ನು ಹೊಡೆದುಹಾಕಿದರು. "ಬೇಕಿಲ್ಲದ್ದು ಇಸ್ಕಂಡು ಎಲ್ಲಿಡ್ತಿ?"

ಮೊದಲ ವರ್ಷ ನಾವು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಕೂಡ್ಲಿಗಿ ಕಡೆಯ ಓಬಳೇಶ ಎಂಬ ದಾಳಿಂಬೆ ಬೆಳೆಗಾರ ಒಂದು ದಿನ ಪ್ರೆಸ್ಸಿಗೇ ಬಂದ. "ಅಕ್ಕಾರ, ನಂದೊಂದು ಮೇಲ್ ಐತಂತ. ಅದು ಎಲ್ಲೈತ್ರಿ?" ಫೋನು ಕೊಂಡಾಗ ಮೊಬೈಲ್ ಅಂಗಡಿಯವನೇ ಅವನಿಗೊಂದು ವಿಳಾಸ ಮಾಡಿಕೊಟ್ಟಿದ್ದ. ಆ ಚೀಟಿಯನ್ನು ನೋಡಿಯೇ ಓಬಳೇಶ ನಮ್ಮ ಪುಸ್ತಕದಲ್ಲಿ ಬರೆದಿದ್ದ. ಆಮೇಲೆ ಆ ವಿಳಾಸ ಓಬಳೇಶನ ಫೋನಿನಿಂದ ಅಳಿಸಿಹೋಗಿ ಅಂಗಡಿಯವನ ಫೋನಿನಲ್ಲಿ ಮಾತ್ರ ಉಳಿದಿತ್ತು. ಹೀಗೆ ಹನ್ನೆರಡು ಜನರ ಪತ್ರಿಕೆ ಒಬ್ಬನಿಗೇ ಹೋಗುತ್ತಿತ್ತು. ನಾನು ವಿಚಾರಿಸಲು ಹೋದರೆ ಅವನು ನಕ್ಕು, "ದಾಳಿಂಬಿಗೆ ಯಾವಾಗ ಏನು ಹೊಡೀಬೇಕು ಅಂತ ನನ್ನ ಕೇಳ್ರಿ ಮೇಡಂ, ಬಾಯಿಪಾಠ ಆಗೈತಿ. ಹೊಲ ಒಂದ ಇಲ್ಲ ನೋಡ್ರಿ" ಎಂದ. ಅಂದಿನಿಂದ ಪುಸ್ತಕದ ಸಹಿಯ ಜೊತೆಗೆ ಇನ್ನೊಂದು ಹಂತ ಸೇರಿಸಿದೆವು. ಬರೆದವರಿಗೆ ಒಂದು ಮೇಲ್ ಹೋಗುತ್ತದೆ, ಅದರಲ್ಲಿರುವ 'ಹೌದು' ಎಂಬುದನ್ನು ಅವರೇ ಒತ್ತಬೇಕು.

ಆ ಮೇಲನ್ನೂ ನಾನೇ ಕೆಡಿಸಿದೆ. ಪ್ರೆಸ್ಸಿನಲ್ಲಿ ಬಳಸುತ್ತಿದ್ದ ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದ್ದರಿಂದ ಎಲ್ಲರ ಫೋನಿನಲ್ಲೂ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡವು. ಹರಪನಹಳ್ಳಿಯ ಹೆಡ್ಮಾಸ್ತರರೊಬ್ಬರು ಫೋನ್ ಮಾಡಿ, "ಇದೇನ್ ಮೇಡಂ, ದೆವ್ವ ಬಿಡ್ಸೋ ಮಂತ್ರನಾ?" ಎಂದು ಕೇಳಿದರು. ಆಶ್ಚರ್ಯವೆಂದರೆ ಅರ್ಧಕ್ಕರ್ಧ ಜನ ಅದನ್ನು ಒತ್ತಿಯೂ ಇದ್ದರು. ಒತ್ತಿದ್ದಾರಲ್ಲ, ಸಾಕು ಎಂದೆ ನಾನು. ಯಜಮಾನರು ಒಪ್ಪಲಿಲ್ಲ. "ಓದಾಕ ಬರಲಾರದ್ದಕ್ಕ ಹೌದು ಅಂದ್ರ ಅದು ಹೌದಲ್ಲ. ಎಲ್ಲಾರಿಗೂ ಮತ್ತೊಮ್ಮೆ ಕೇಳು." ಯೂನಿಕೋಡ್ ಕಲಿತು ಎಲ್ಲರಿಗೂ ಮತ್ತೆ ಕಳಿಸಿದೆ. ಎರಡನೆಯ ಸಲ ಬಂದ 'ಹೌದು'ಗಳು ಕಡಿಮೆ. ಆಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು ಎಂದು ದಿನಚರಿಯಲ್ಲಿದೆ. ನನಗೆ ಈಗ ನೆನಪಿರುವುದು ಗೌರವ ಮಾತ್ರ.

ಮುಂದಿನದನ್ನು ತಿಳಿಯಲು ನಮ್ಮ ಕಡೆಯ ಒಂದು ಸ್ವಭಾವವನ್ನೂ ಹೇಳಬೇಕು. ಪ್ರತಿ ಪತ್ರಿಕೆಯ ಕೆಳಗೆ 'ಇನ್ನು ಬೇಡ' ಎಂದು ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು. ಯಾರೂ ಅದನ್ನು ಒತ್ತುತ್ತಿರಲಿಲ್ಲ. ಒತ್ತಿದರೆ ಅಂಗಡಿಯವನಿಗೆ ತಿಳಿಯುತ್ತದೆ, ನಾಳೆ ಅವನ ಮುಖ ನೋಡಬೇಕು. ಮನೆಗೆ ಬಂದವರಿಗೆ ಇಲ್ಲ ಅನ್ನಲಾರದೆ ಇನ್ನೊಂದು ರೊಟ್ಟಿ ಬಡಿಸಿಕೊಳ್ಳುವ ಮಂದಿ ನಾವು. ಓದದೆ ಬಿಡುತ್ತಿದ್ದರು. ಬೇಸರ ಹೆಚ್ಚಾದರೆ ಮೇಲೆ ಬೇರೆ ಕಡೆ ಇರುವ, 'ಇದು ಬೇಡದ ಅಂಚೆ' ಎಂದು ಮೇಲ್ ಕಂಪನಿಗೆ ದೂರು ಕೊಡುವ ಗುಂಡಿ ಒತ್ತುತ್ತಿದ್ದರು. ಅದು ಗುಟ್ಟಾಗಿರುತ್ತದೆ ಎಂದು ಅವರ ನಂಬಿಕೆ. ಯಾರು ಒತ್ತಿದರು ಎಂಬುದು ಅಂಗಡಿಯವನಿಗೆ ತಿಳಿಯುವುದಿಲ್ಲ, ನಿಜ. ಆದರೆ ಅಂಥ ದೂರುಗಳು ಒಂದು ಮಿತಿ ದಾಟಿದರೆ ಮೇಲ್ ಕಳಿಸುವ ಸೇವೆಯವರು ಇಡೀ ಖಾತೆಯನ್ನೇ ತಡೆಯುತ್ತಾರೆ. ಇದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಗರಿಬೊಮ್ಮನಹಳ್ಳಿ ಹತ್ತಿರ ಚನ್ನವೀರಪ್ಪ ಎಂಬುವರದು ದನದ ಹಿಂಡಿ ಮಾಡುವ ಸಣ್ಣ ಗಿರಣಿ. ನಮ್ಮ ಒಳ್ಳೆಯ ಗಿರಾಕಿ, ಮಾತಿನಲ್ಲಿ ಧಾರಾಳಿ. ಅವರ ಮಗಳ ಮದುವೆಯ ಪತ್ರಿಕೆ ಅಚ್ಚಾಗಿದ್ದು ನಮ್ಮಲ್ಲೇ. ದೂರದವರಿಗೆ ಅದನ್ನು ಈಮೇಲಿನಲ್ಲಿ ಕಳಿಸಿದ್ದೂ ನಾವೇ. ಹಾಗಾಗಿ ಬೀಗರು, ಬಿಜ್ಜರು, ಪರಿಚಯದವರ ವಿಳಾಸಗಳು ನನ್ನ ಕಂಪ್ಯೂಟರಿನಲ್ಲಿ ಉಳಿದಿದ್ದವು. ಮದುವೆಯಾದ ಕೆಲವು ತಿಂಗಳಿಗೆ ಚನ್ನವೀರಪ್ಪ ಬಂದು ಕುಳಿತು, ಪಟ್ಟಿ ಬೆಳೆಯುತ್ತಿಲ್ಲ ಎಂದು ಗೊಣಗಿದರು. ಆ ದಿನದ ಮಾತು ನನಗೆ ಹೀಗೆ ನೆನಪಿದೆ.

"ಮದುವಿ ಲಿಸ್ಟ್ ಐತೆಲ್ಲ ಮೇಡಂ, ಅದನ್ನ ಸೇರಿಸ್ರಿ."

"ಅವರನ್ನ ಕೇಳಿಲ್ಲಲ್ರಿ."

"ಏನ್ ಕೇಳ್ತೀರಿ? ಪತ್ರಿಕಿ ಮುಟ್ಯಾವು, ಬಂದಾರ, ಉಂಡಾರ, ಮುಯ್ಯಿ ಮಾಡ್ಯಾರ. ಮುಯ್ಯಿ ಮಾಡಿದೋರು ನಮ್ಮೋರು. ನಮ್ಮೋರಿಗೆ ಒಪ್ಪಿಗಿ ಕೇಳಿದ್ರ ಅವಮಾನ ಮಾಡಿದಂಗ."

ನೆನಪಿನ ಪ್ರಕಾರ ನಾನು ಒಲ್ಲದ ಮನಸ್ಸಿನಿಂದ ಸೇರಿಸಿದೆ. ದಿನಚರಿಯಲ್ಲಿ ಇರುವುದು ಇಷ್ಟೇ: 'ಚ.ವೀ. ಬಂದಿದ್ದರು. ಮದುವೆ ಪಟ್ಟಿ ಸೇರಿಸಿದೆ. ಯಜಮಾನರು ಹರಪನಹಳ್ಳಿಗೆ ಹೋಗಿದ್ದಾರೆ.' ಮದುವೆ ಪಟ್ಟಿಯ ಮಾತು ಮೊದಲು ಎತ್ತಿದ್ದು ಅವರೋ ನಾನೋ ಅದರಲ್ಲಿಲ್ಲ. ಆ ವಿಳಾಸಗಳು ನಮ್ಮ ಕಂಪ್ಯೂಟರಿನಲ್ಲಿ ಇನ್ನೂ ಇವೆ ಎಂಬುದು ಅವರಿಗೆ ಗೊತ್ತಿರಲು ಕಾರಣವೇ ಇರಲಿಲ್ಲ ಎಂದು ಇತ್ತೀಚೆಗೆ ಹೊಳೆದಿದೆ. ಯಜಮಾನರು ಊರಲ್ಲಿಲ್ಲ ಎಂಬುದನ್ನು ನಾನು ಯಾಕೆ ಬರೆದಿಟ್ಟೆ ಎಂಬುದಂತೂ ಈಗ ಓದಿದರೆ ಸ್ಪಷ್ಟವಾಗಿಯೇ ಇದೆ.

ಎರಡು ಪತ್ರಿಕೆಗಳು ಆ ಹೊಸ ಹೆಸರುಗಳಿಗೂ ಹೋದವು. ಒಬ್ಬರೂ 'ಇನ್ನು ಬೇಡ' ಒತ್ತಲಿಲ್ಲ. ಚನ್ನವೀರಪ್ಪ, "ನೋಡಿದ್ರ್ಯಾ, ಯಾರರ ಬ್ಯಾಡ ಅಂದ್ರೇನು?" ಎಂದು ಹಿಗ್ಗಿದರು. ನಾನೂ ಹಿಗ್ಗಿದೆ.

ಮೂರನೆಯದು ಹೋದ ಮರುದಿನ, ಬೆಳಿಗ್ಗೆ ಹತ್ತೂವರೆಗೆ ಅವರದೇ ಫೋನು. ದನಿ ಬೇರೆಯಾಗಿತ್ತು.

"ಮೇಡಂ, ಹಡಗಲಿ ದನದ ಡಾಕ್ಟರ್ ಫೋನ್ ಮಾಡಿದ್ರು. ಮೂರು ಮನ್ಯಾಗ ದನ ಮೇವು ಬಿಟ್ಟಾವು. ಮೂರೂ ಕಡಿ ನಮ್ಮ ಚೀಲನ ಅದಾವಂತ. ಗೋಡೌನ್ ಸೋರಿ ಒಂದು ಲಾಟಿನ ಶೇಂಗಾ ಹಿಂಡಿಗೆ ಬೂಷ್ಟು ಹಿಡದೈತಿ, ನಮ್ಮ ಹುಡುಗ್ರು ನೋಡದ ಚೀಲ ತುಂಬ್ಯಾರ. ಸಂಜಿ ಹಿಂಡಿ ಇಡೋದ್ರೊಳಗ ಎಲ್ಲಾರಿಗೂ ಸುದ್ದಿ ಮುಟ್ಟಬೇಕು. ಈಗ ಮೇಲ್ ಬಿಡ್ರಿ."

"ಅಂಗಡಿಗಳಿಗೆ ಫೋನ್ ಮಾಡಿದ್ರ್ಯಾ?"

"ಮಾಡೀನಿ. ಅವರು ಯಾರಿಗೆ ಮಾರ್ಯಾರ ಅಂತ ಅವರಿಗ ಗೊತ್ತಿಲ್ಲ. ದನ ಕಟ್ಟಿದೋರಿಗೆ ಸೀದಾ ಮುಟ್ಟೋದು ಅಂದ್ರ ನಿಮ್ಮ ಲಿಸ್ಟ್ ಒಂದ."

"ನಿಮ್ಮ ಗಿರಣಿ ಹೆಸರು ಹಾಕಿ ಬರೀಬೇಕಾಗ್ತೈತಿ."

"ಹಾಕ್ರಿ. ಹೆಸರು ಹೋದ್ರ ಮತ್ತ ಮಾಡಿಕಂತೀನಿ. ದನ ಹೋದ್ರ ನನ್ನ ಕೈಲಿ ತರಾಕ ಆಗಂಗಿಲ್ಲ."

ಐದು ಸಾಲು ಬರೆದೆ. ಲಾಟ್ ನಂಬರು, ಚೀಲದ ಬಾಯಿಗೆ ಹೊಲಿದ ನೀಲಿ ದಾರದ ಗುರುತು, ಇಟ್ಟಿದ್ದರೆ ತೆಗೆಯಿರಿ ಎಂಬ ಮಾತು. ಕಳಿಸು ಎಂದು ಒತ್ತಿದೆ. ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ನಿಮ್ಮ ಖಾತೆಯ ಮೇಲೆ ದೂರುಗಳು ಹೆಚ್ಚಾಗಿವೆ, ಆದ್ದರಿಂದ ತಡೆದಿದ್ದೇವೆ. ಇತ್ತೀಚೆಗೆ ಸೇರಿಸಿದ ಹೆಸರುಗಳು ಎಲ್ಲಿಂದ ಬಂದವು, ತಿಳಿಸಿ.

ಆ ಕ್ಷಣ ನಾನು ಏನು ಮಾಡಿದೆ ಎಂಬುದಕ್ಕೆ ನೆನಪೂ ಬೇಡ, ದಿನಚರಿಯೂ ಬೇಡ. ಕಳಿಸಿದ ಉತ್ತರದ ಪ್ರತಿ ನನ್ನ ಹಳೆಯ ಮೇಲಿನಲ್ಲಿ ಇದೆ. 'ಎಲ್ಲರೂ ನಮ್ಮ ಪುಸ್ತಕದಲ್ಲಿ ಸಹಿ ಮಾಡಿ ಒಪ್ಪಿಗೆ ಕೊಟ್ಟವರೇ. ತುರ್ತು ಇದೆ, ದಯವಿಟ್ಟು ತೆರೆಯಿರಿ' ಎಂದು ಬರೆದಿದ್ದೇನೆ. ದನಗಳ ಜೀವ ಉಳಿಸಲು ಹೇಳಿದ ಸುಳ್ಳು ಎಂದು ಅಂದುಕೊಂಡಿರಬೇಕು. ಕೆಳಗೆ ಮಷಿನ್ನಿನ ಹತ್ತಿರ ನಿಂತಿದ್ದ ಯಜಮಾನರಿಗೆ ತಿಳಿಯದಿರಲಿ ಎಂಬುದೂ ಅದರಲ್ಲಿ ಇದ್ದಿರಬೇಕು. ಯಾವುದು ಎಷ್ಟು ಎಂದು ತೂಗಿ ಹೇಳಲಾರೆ.

ಹನ್ನೊಂದೂವರೆ. ಹನ್ನೆರಡು. ಚನ್ನವೀರಪ್ಪ ಎರಡು ಸಲ ಫೋನ್ ಮಾಡಿದರು. "ಹೋತೇನ್ರಿ?" "ಹೋಗಾಕ ಹತ್ತೈತ್ರಿ" ಎಂದೆ. ಹನ್ನೆರಡೂಮುಕ್ಕಾಲಿಗೆ ಉತ್ತರ ಬಂತು. ಸೇವೆಯವರು ಪಟ್ಟಿಯಿಂದ ತಾವೇ ಇಪ್ಪತ್ತು ಹೆಸರು ಆರಿಸಿಕೊಟ್ಟು, ಆ ಇಪ್ಪತ್ತು ಜನ ಸಹಿ ಮಾಡಿದ ಪುಟಗಳ ಚಿತ್ರ ಕಳಿಸಿ ಎಂದಿದ್ದರು. ಹೆಸರು ಇಳಿಸಿಕೊಳ್ಳಲೆಂದು ಗಿರಣಿಯಿಂದ ತರಿಸಿಟ್ಟಿದ್ದ ಒಪ್ಪಿಗೆ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದೆ. ಹದಿಮೂರು ಸಿಕ್ಕವು. ಏಳು ಇರಲಿಲ್ಲ. ಇರುವುದಾದರೂ ಹೇಗೆ? ಖಾಲಿ ಗೆರೆಗಳಿದ್ದ ಕೊನೆಯ ಪುಟವನ್ನೂ ಪಕ್ಕದಲ್ಲಿದ್ದ ಪೆನ್ನನ್ನೂ ನೋಡಿದ್ದು ನೆನಪಿದೆ. ಪೆನ್ನನ್ನು ಕೈಗೆ ತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ. ತೆಗೆದುಕೊಂಡಿರಲಿಲ್ಲ ಎಂದು ಆಣೆ ಮಾಡಲು ನನ್ನಿಂದ ಆಗದು.

ಊಟಕ್ಕೆ ಕರೆಯಲು ಮೇಲೆ ಬಂದ ಯಜಮಾನರು ಬಾಗಿಲಲ್ಲೇ ನಿಂತರು.

"ಮಾರಿ ಯಾಕ ಹಂಗೈತಿ?"

ಎಲ್ಲವನ್ನೂ ಹೇಳಿದೆ. ಅವರು ಕೂರಲಿಲ್ಲ, ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು.

"ಸುಳ್ಳು ಹೇಳಿ ಎಷ್ಟು ಹೊತ್ತಾತು?"

"ಹತ್ತತ್ರ ಎರಡು ತಾಸ್ರಿ."

"ಎರಡು ತಾಸು ಹಾಳಾತು. ಇದ್ದದ್ದು ಇದ್ದಂಗ ಬರಿ. ಮದುವಿ ಮಂದಿ, ಕೇಳಿರಲಿಲ್ಲ ಅಂತ ಬರಿ. ನನ್ನ ಹೆಸರು ಹಾಕು, ಪ್ರೆಸ್ಸು ನಂದೈತಿ."

ಬರೆದೆ. ಒಪ್ಪಿಗೆ ಇಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ ತಿಳಿಸಿದರೆ ತೆರೆಯುತ್ತೇವೆ ಎಂದು ಸೇವೆಯವರ ಉತ್ತರ ಬಂತು. ಮದುವೆಯ ಹೆಸರುಗಳನ್ನು ಒಟ್ಟಿಗೆ ಅಳಿಸಿ ತಿಳಿಸಿದೆ. ಮತ್ತೆ ಕಾಯಬೇಕಾಯಿತು. ಆ ನಡುವೆ ಯಜಮಾನರೇ ಚನ್ನವೀರಪ್ಪನವರಿಗೆ ಫೋನ್ ಹಚ್ಚಿ, ನಿಮ್ಮ ನೆಂಟರಿಗೆ ಮೇಲ್ ಹೋಗುವುದಿಲ್ಲ, ನೀವೇ ತಿಳಿಸಬೇಕು ಎಂದರು. "ನಮ್ಮ ಮಂದಿಗೆ ನಾನ ಹೇಳ್ತೀನಿ ಬಿಡ್ರಿ" ಎಂಬುದು ನನಗೂ ಕೇಳಿಸಿತು. ಮೂರೂಮುಕ್ಕಾಲಿಗೆ ಖಾತೆ ತೆರೆಯಿತು. ಐದು ಸಾಲಿನ ಮೇಲ್ ಹೋಯಿತು. ನಾಲ್ಕೂವರೆಯೊಳಗೆ ಉತ್ತರಗಳು ಬರತೊಡಗಿದವು. ಚೀಲ ಬೇರೆ ಇಟ್ಟೆವು, ನೀಲಿ ದಾರವೇ ಇತ್ತು, ಪುಣ್ಯ ಬರಲಿ. ನಾನು ಅವುಗಳನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆಗ ಅತ್ತೆನೆಂದು ದಿನಚರಿಯಲ್ಲಿದೆ.

ಮರುದಿನ ಹಡಗಲಿಯ ದನದ ಡಾಕ್ಟರರು ನಮಗೇ ಫೋನ್ ಮಾಡಿದರು. ಹೊಳಲಿನಲ್ಲಿ ಪಾರ್ವತಮ್ಮ ಎಂಬ ನಿವೃತ್ತ ಟೀಚರ್ ಒಬ್ಬರಿದ್ದಾರೆ, ಒಂದೇ ಹಸು, ನಿನ್ನೆ ಸಂಜೆಯೂ ಅದೇ ಹಿಂಡಿ ಇಟ್ಟಿದ್ದಾರೆ, ಅವರಿಗೆ ನೀವು ತಿಳಿಸಲಿಲ್ಲವೇ ಎಂದು ಕೇಳಿದರು. ಹೆಸರು ಕೇಳುತ್ತಲೇ ನನಗೆ ಗುರುತು ಹತ್ತಿತು. ಚನ್ನವೀರಪ್ಪನವರ ಹೆಂಡತಿಯ ಕಡೆಯ ನೆಂಟರು. ನಾನು ಅಳಿಸಿದ ಹೆಸರುಗಳಲ್ಲಿ ಅವರದೂ ಇತ್ತು. ಚನ್ನವೀರಪ್ಪ ಎರಡು ಸಲ ಫೋನ್ ಮಾಡಿದ್ದರಂತೆ, ಅವರು ಎತ್ತಿರಲಿಲ್ಲ. ಉಳಿದ ನೆಂಟರಿಗೆ ಫೋನ್ ಮಾಡುವ ಗಡಿಬಿಡಿಯಲ್ಲಿ ಯಜಮಾನರ ಮಾತು ಮರೆತು, ಓದಿದ ಹೆಣ್ಣುಮಗಳು, ಮೇಲ್ ನೋಡಿರುತ್ತಾಳೆ ಎಂದು ಬಿಟ್ಟಿದ್ದರು. ಚನ್ನವೀರಪ್ಪ ಹೇಳಿರುತ್ತಾರೆಂದು ನಾನು ಸುಮ್ಮನಿದ್ದೆ.

ಯಜಮಾನರೂ ನಾನೂ ಹಡಗಲಿಯಲ್ಲಿ ಬಸ್ ಬದಲಿಸಿ ಹೊಳಲಿಗೆ ಹೋದೆವು. ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಒಂದು ಕರಿ ಹಸು ಮಲಗಿತ್ತು. ಡಾಕ್ಟರರು ಬಾಟಲಿ ಎತ್ತಿ ಹಿಡಿದು ಸಲೈನ್ ಹಾಕುತ್ತಿದ್ದರು. ಪಾರ್ವತಮ್ಮನವರು ಹಸುವಿನ ತಲೆಯ ಹತ್ತಿರ ಕುಳಿತಿದ್ದರು. ನಾವು ಯಾರು, ದೂರುಗಳಿಂದ ನಮ್ಮ ಖಾತೆ ಹೇಗೆ ನಿಂತಿತು ಎಂದು ಯಜಮಾನರು ಹೇಳಿದ ಮೇಲೂ ಏಳಲಿಲ್ಲ.

"ಆ ಹಿಂಡಿ ಪತ್ರಿಕಿ ನೀವ ಕಳಸ್ತಿದ್ರ್ಯಾ? ನನ್ನ ಯಾರು ಕೇಳಿದ್ರು ಹೇಳ್ರಿ. ಮದುವಿಗೆ ಬಂದೆ, ಸೀರಿ ಕೊಟ್ಟೆ, ಉಂಡು ಬಂದೆ. ಹಿಂಡಿ ಸುದ್ದಿ ಕೇಳಿದ್ನೇನು?"

"ತಪ್ಪಾಗೈತ್ರಿ" ಎಂದೆ.

"ದೂರು ಒತ್ತಿದೋರಾಗ ನಾನೂ ಒಬ್ಬಾಕಿ. ಬ್ಯಾಡ ಅಂತ ಒತ್ತಿದ್ರ ಚನ್ನವೀರಪ್ಪಗ ಗೊತ್ತಾಗ್ತೈತಿ ಅಂತ ಅದನ್ನ ಒತ್ತಿದೆ. ಅದರಿಂದ ನಿಮ್ಮ ಬಾಗಿಲಾ ಮುಚ್ತೈತಿ ಅಂತ ನನಗೇನು ಗೊತ್ತು?" ನನ್ನನ್ನೇ ನೋಡಿ ಹೇಳಿದರು. "ಬ್ಯಾಡಾದ ಸುದ್ದಿ ಎಲ್ಲಾ ಬಂತು. ಬೇಕಾದ ಸುದ್ದಿ ಒಂದು ಬರಲಿಲ್ಲ ನೋಡ್ರಿ."

ಕೊನೆಯ ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟುಬಂದೆವು. ನಾಲ್ಕು ದಿನದ ಮೇಲೆ ಡಾಕ್ಟರರು, ಹಸು ಎದ್ದು ನಿಂತಿದೆ ಎಂದು ತಿಳಿಸಿದರು. ಯಜಮಾನರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮದುವೆಯ ಆ ಪಟ್ಟಿಯನ್ನು ತಮ್ಮ ಮುಂದೆಯೇ ಕಂಪ್ಯೂಟರಿನಿಂದ ಅಳಿಸಲು ಹೇಳಿದರು. "ಲಗ್ನಪತ್ರಿಕಿ ಹಂಚಿದ ಮ್ಯಾಲ ಆ ಹೆಸರು ನಮ್ಮವಲ್ಲ." ಅಳಿಸುವ ಮೊದಲು, ಚನ್ನವೀರಪ್ಪನವರಿಂದ ಮನೆ ವಿಳಾಸ ತರಿಸಿಕೊಂಡು, ಅದರಲ್ಲಿದ್ದ ಪ್ರತಿಯೊಬ್ಬರಿಗೂ ನನ್ನ ಕೈಬರಹದಲ್ಲಿ ತಪ್ಪೊಪ್ಪಿಗೆಯ ಕಾಗದ ಬರೆಸಿ ಅಂಚೆಗೆ ಹಾಕಿಸಿದರು. ಒಂಬತ್ತು ದಿನ ಹಿಡಿಯಿತು. ಆಮೇಲೆ ಅವರ ಬಾಯಿಂದ ಆ ಮಾತು ಒಮ್ಮೆಯೂ ಬರಲಿಲ್ಲ.

ಈ ಕಥೆಯನ್ನು ನಾನು ಹೊಸಬರಿಗೆ ಹೇಳುವಾಗಲೆಲ್ಲ ಕೊನೆಗೆ 'ಹಸು ಉಳಿಯಿತು' ಎಂದು ಮುಗಿಸುತ್ತಿದ್ದೆ. ಈ ಸಲವೂ ಹಾಗೆಯೇ ಮುಗಿಸಿದ್ದೆ. ಆದರೆ ಸುಧಾಳಿಗೆ ಕೊಡುವ ಮೊದಲು, ಕೇಳದೆ ಇನ್ನೊಬ್ಬರ ಹೆಸರನ್ನು ಮತ್ತೆ ಬಳಸುತ್ತಿದ್ದೇನಲ್ಲ ಎಂಬ ಅಳುಕು ಹುಟ್ಟಿತು. ಹೊಳಲಿಗೆ ಬರೆದ ಕಾಗದದ ಒಂದು ಪ್ರತಿ ನನ್ನ ದಿನಚರಿಯಲ್ಲಿ ಉಳಿದಿತ್ತು. ಅದೇ ವಿಳಾಸಕ್ಕೆ ಈ ಪುಟಗಳನ್ನು ಅಂಚೆಯಲ್ಲಿ ಕಳಿಸಿ, ಒಪ್ಪಿಗೆ ಇದ್ದರೆ ತಿಳಿಸಿ, ಇಲ್ಲದಿದ್ದರೆ ಹರಿದುಹಾಕುತ್ತೇನೆ ಎಂದು ಬರೆದು ನನ್ನ ಫೋನ್ ನಂಬರು ಕೊಟ್ಟೆ.

ಎಂಟನೆಯ ದಿನ ಅವರ ಫೋನು ಬಂತು. ದನಿಗೆ ವಯಸ್ಸಾಗಿತ್ತು, ಟೀಚರ್ ದನಿಯೇ.

"ಓದಿದೆ. ಕರಿ ಹಸು ಅಂತ ಬರದೀರಿ. ನಮ್ಮ ಗಂಗಿ ಕಂದು ಬಣ್ಣದ್ದು."

"ತಿದ್ದತೀನ್ರಿ."

"ಅದನ್ನ ಬೇಕಾದ್ರ ಬಿಡ್ರಿ. ಕಡಿಗೆ, ಹಸು ಉಳೀತು ಅಂತ ಬರದೀರಲ್ಲ, ಅದನ್ನ ತಿದ್ರಿ."

ನನ್ನ ಪ್ರತಿಯ ಕೊನೆಯ ಪುಟ ತೆಗೆದೆ.

"ಗಂಗಿ ಉಳೀತು, ಖರೆ. ಆಗ ಗಬ್ಬ ಇತ್ತು. ನೀವು ಬಂದು ಹೋಗಿ ಹನ್ನೊಂದು ದಿನಕ್ಕ ಕರು ಸತ್ತು ಬಿತ್ತು. ಹೊಟ್ಟ್ಯಾಗ ಏನೈತಿ ಅಂತ ಆವತ್ತು ನೀವು ಕೇಳಲಿಲ್ಲ. ನನಗ ಹೇಳಾಕ ಮನಸ್ಸಾಗಲಿಲ್ಲ."

ಕೊನೆಯ ಸಾಲನ್ನು ಹೊಡೆದುಹಾಕಿದೆ. ಅವರೇ ಮಾತು ಮುಂದುವರಿಸಿದರು.

"ಆ ಹುಡುಗಿಗೆ ಓದಾಕ ಕೊಡ್ರಿ. ನನ್ನ ಹೆಸರು ಇರಲಿ, ಗಂಗಿ ಹೆಸರೂ ಇರಲಿ. ಒಪ್ಪಿಗಿ ಐತಿ."

ಕರಿ ಹಸು ಎಂದು ಬರೆದದ್ದನ್ನು ತಿದ್ದಿಲ್ಲ. ಅದರ ಮುಂದೆ ನಿಂತು ಬಂದವಳ ನೆನಪು ಎಂಥದು ಎಂದು ಓದುವವರಿಗೆ ತಿಳಿದಿರಲಿ. ಅಂದಿನ ದಿನಚರಿಯಲ್ಲಿ, 'ಹೊಳಲಿಗೆ ಹೋಗಿಬಂದೆವು' ಎಂಬ ಸಾಲಿನ ಪಕ್ಕದಲ್ಲಿ, ಇಂದಿನ ತಾರೀಖು ಹಾಕಿ ಕರುವಿನ ಸಂಗತಿ ಬರೆದಿದ್ದೇನೆ. ಅಲ್ಲಿ ಅಷ್ಟು ಜಾಗ ಖಾಲಿ ಇತ್ತು.